ಅರ್ಧ ಬನ್ನಿನ ಲೆಕ್ಕ

ಲಿಮಾದ ಮಗ್ಗುಲಿನ ನಮ್ಮ ಕಯಾವೊದಲ್ಲಿ
ಪ್ರತಿ ಮಾತಿಗೂ ಒಂದು ಗಂಟು.
ವಿಮಾನ ಬಂತೋ, ಅಲ್ಲೇ ನಿಲ್ಲುತ್ತೇವೆ
ಚೌಕಾಸಿಯೋ ಜಗಳವೋ ಜಪಮಾಲೆಯೋ, ಏನೇ ಇರಲಿ,
ಅದು ದಾಟಿದ ಮೇಲೆ ಅದೇ ಅಕ್ಷರದಿಂದ
ಬಿಟ್ಟ ಹೊಲಿಗೆಯ ಹಾಗೆ ಎತ್ತಿಕೊಳ್ಳುತ್ತೇವೆ.
ಮೂರನೇ ಮನೆಯ ಎರ್ಮೆಲಿಂದಾ ಗಂಡನನ್ನು
ಕತ್ತೆ ಎನ್ನಹೊರಟು 'ಕ'ದಲ್ಲಿ ನಿಂತು,
ಸದ್ದು ಸರಿಯುವಷ್ಟರಲ್ಲಿ ಸಿಟ್ಟಿಳಿದು
ಕಾಫಿ ಕುಡೀತೀಯಾ ಎಂದದ್ದು ಬೀದಿಗೆಲ್ಲ ಗೊತ್ತು.

ಇಂಜಿನಿಯರ್ ಬಾಲ್ದಿಯೋನ್ ಈ ವಿದ್ಯೆ ಕಲಿತವನಲ್ಲ.
ಶಾಲೆಯ ಊಟದ ಕೊಠಡಿಯಲ್ಲಿ ಸಭೆ.
ಆರೂವರೆಯ ವಿಮಾನದ ಮೇಲೆ ದನಿ ಏರಿಸಿದ,
ಅದೂ ಏರಿಸಿತು, ಇವನೂ ಬಿಡಲಿಲ್ಲ,
ಕೊರಳ ನರ ಹಗ್ಗದಂತೆ ಎದ್ದಿತು.
ತುಟಿ ನೋಡಿ ನಾವು ತಿಳಿದುಕೊಂಡದ್ದು:
ಹೆಚ್ಚುವುದು ಬರೀ ಮೂರು ಡೆಸಿಬೆಲ್.

ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಸ್ಟೇಡಿಯಂ.
ಬೆರಳುದ್ದದ ಮರಗಳು, ಅಕ್ಕಿಕಾಳಿನಷ್ಟು ಜನ,
ಮೂಲೆಗೊಂದು ದೀಪದ ಕಂಬ.
ಗುಂಡಿ ಒತ್ತಿದರೆ ನಿಜವಾಗಿ ಹೊತ್ತಿಕೊಂಡವು!
ಓ ಅಂದೆವು ಎಲ್ಲರೂ. ನಾನೂ.
ಆಮೇಲೆ ಬಗ್ಗಿ ಹುಡುಕಿದೆ.
ಒಂದೂ ಹಕ್ಕಿ ಇರಲಿಲ್ಲ.

ನಾನು ಹಕ್ಕಿ ಓಡಿಸುವವಳು.
ಹನ್ನೊಂದು ವರ್ಷದಿಂದ ರನ್‌ವೇ ಪಕ್ಕ, ಹಳದಿ ಜೀಪಿನಲ್ಲಿ,
ಪಟಾಕಿ, ಸೀಟಿ, ಕೊನೆಗೆ ಬರಿಯ ಕೈ ಬೀಸಿ.
ಕಡಲಹಕ್ಕಿ ಇಷ್ಟು, ರಣಹದ್ದು ಇಷ್ಟು ಎಂದು
ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವವಳು.
ಸಂಬಳದ ಚೀಟಿಯಲ್ಲಿ ನನ್ನ ಹುದ್ದೆಗೆ ಎರಡು ಸಾಲು.
ಮಗ ಕರೆಯುವುದು ಬೆದರುಬೊಂಬೆ.

ಎದ್ದು ನಿಂತು ಹೇಳಿದೆ: ಹೋದ ಭಾನುವಾರ
ಶಾಲೆಯ ಮೈದಾನದಲ್ಲಿ ಮಕ್ಕಳ ಆಟ ಮುಗಿದಾಗ
ಯಾರೋ ಅರ್ಧ ಬನ್ನು ಬಿಟ್ಟುಹೋಗಿದ್ದರು.
ಅದಕ್ಕೆ ಇಳಿದದ್ದು ನಲವತ್ತೊಂದು. ನಾನೇ ಎಣಿಸಿದೆ.
ನಿಮ್ಮಲ್ಲಿಗೆ ನಲವತ್ತು ಸಾವಿರ ಜನ ಬರುತ್ತಾರೆ,
ಹತ್ತರಲ್ಲೊಬ್ಬ ಬಿಟ್ಟ ಅನ್ನಿ, ಅರ್ಧವೇ ಅನ್ನಿ.
ದೀಪ ಆರದ ಮೈದಾನ, ಹಕ್ಕಿಗೆ ರಾತ್ರಿಯೂ ಇಲ್ಲ.

ಬಾಲ್ದಿಯೋನ್ ಫೋನಿನಲ್ಲಿ ಗುಣಿಸಿದ. ನಕ್ಕ.
'ಲಕ್ಷದ ಅರವತ್ತನಾಲ್ಕು ಸಾವಿರ! ಸೆನ್ಯೋರಾ,
ಈ ದಂಡೆಯಲ್ಲೇ ಅಷ್ಟು ಹಕ್ಕಿ ಇಲ್ಲ.'
ಗೊತ್ತು, ಎಂದೆ. ಒಂದು ಸಾಕು.

ಕಾಲಬುಡದ ಚೀಲದಲ್ಲಿ ಆ ಒಂದು ಇತ್ತು.
ಮಾರ್ಚಿ ನಾಲ್ಕರಂದು ಎಂಜಿನ್ನಿನಿಂದ ತೆಗೆದ ರೆಕ್ಕೆ,
ಮನೆಯ ಫ್ರೀಜರಿನಲ್ಲಿ ಮೀನಿನ ಹಿಂದೆ ಮುಚ್ಚಿಟ್ಟಿದ್ದೆ.
ಗಂಟು ಬಿಚ್ಚಲು ಬಗ್ಗಿದೆ.
ಹಿಂದಿನ ಬೆಂಚಿನಿಂದ ಒಡೆಯುತ್ತಿರುವ ಗಂಡುದನಿ:
'ನನಗೆ ಬೇಕು.'

ಯೆರ್ಸನ್. ನನ್ನವನೇ. ಹದಿನಾಲ್ಕು ತುಂಬಿದೆ.
'ಸ್ಟೇಡಿಯಂ ಬೇಕು, ಲೈಟೂ ಬೇಕು.
ಆರು ಗಂಟೆ ಮೇಲೆ ನಾನು ಚೆಂಡು ನೋಡಿಲ್ಲ.
ಕಿವೀಲಿ ಆಡ್ತೀನಿ. ಧಪ್ ಅಂದ್ರೆ ಎಡಕ್ಕೆ, ಸರ್ ಅಂದ್ರೆ ಹತ್ತಿರ.
ವಿಮಾನ ಬಂದ್ರೆ ಅದೂ ಇಲ್ಲ.'
ತಡೆದು, ನನ್ನ ಕಡೆ ನೋಡದೆ:
'ಜನ ಕೂಗೋದು ಗಲಾಟೆ ಅಲ್ಲಮ್ಮ.'

ಯಾರೋ ಚಪ್ಪಾಳೆ ಹೊಡೆದರು. ಎರ್ಮೆಲಿಂದಾ ಕೂಡ.
ನಾನು ಚೀಲದ ಗಂಟನ್ನು ಮತ್ತೆ ಬಿಗಿದೆ.

ಮನೆಯ ದಾರಿ. ಕಡಲಿನಿಂದೆದ್ದ ಮಂಜು ಬೀದಿದೀಪಗಳಿಗೆ
ಬೂದಿ ಬಳಿದಿತ್ತು. ಅವನು ಮುಂದೆ,
ಗೋಡೆಗೆ ಒದ್ದು, ಕಿವಿಗೊಟ್ಟು, ಮತ್ತೆ ಒದ್ದು.
ಕರೆದೆ: ಯೆರ್ಸನ್, ಮೊದಲೇ ಯಾಕೆ ಹೇ

ಬಂತು. ನಿಂತೆವು ಇಬ್ಬರೂ.
ಹೊಟ್ಟೆಯಡಿಯ ದೀಪ ಮಂಜನ್ನು ಸೀಳಿ
ಒಂದು ಕ್ಷಣ ಬೀದಿಯಿಡೀ ಹಾಲು ಚೆಲ್ಲಿತು,
ಅವನ ಮೂಗು, ಹರಿದ ಶೂ, ಚೆಂಡಿನ ಮೇಲಿನ ಗೀಚು ಸಹ.
ಆ ಬೆಳಕಿರುವಾಗಲೇ ಅವನು ಒದ್ದ.
ಸದ್ದಿಲ್ಲದೆ ಗೋಡೆಗೆ ಬಡಿದು
ಸದ್ದಿಲ್ಲದೆ ಅವನ ಕಾಲಿಗೇ ಬಂತು.

ದಾಟಿತು. ನಾನು ಎತ್ತಿಕೊಳ್ಳಬೇಕಾಗಿದ್ದ ಅಕ್ಷರ 'ಳ'.
ಚೀಲ ತೊಟ್ಟಿಕ್ಕುತ್ತಿತ್ತು.
ಇನ್ನೊಂದು ಕೈಗೆ ಬದಲಿಸಿಕೊಂಡೆ.